ಮನೆ ಸ್ಟುಡಿಯೋಗೆ ಯಾವ ಇಕ್ಯೂ, ಯಾವ ರಿವರ್ಬ್? ದುಡ್ಡು ಕೊಡುವ ಮುಂಚೆ ಓದಿ

ಲ್ಯಾಪ್‌ಟಾಪ್ ಇಟ್ಟುಕೊಂಡು ಮನೆಯಲ್ಲೇ ಎಲೆಕ್ಟ್ರಾನಿಕ್ ಸಂಗೀತ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಇಕ್ಯೂ ಪ್ಲಗಿನ್ ಯಾವುದು ತಗೊಳ್ಳಲಿ? ರಿವರ್ಬ್‌ಗೆ ಯಾವುದು ಒಳ್ಳೇದು?" ಒಬ್ಬೊಬ್ಬರಿಗೇ ಉತ್ತರ ಬರೆಯುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಹೇಳುವುದು ವಾಸಿ ಅನ್ನಿಸಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಕ್ಯೂಗೆ ಸದ್ಯಕ್ಕೆ ದುಡ್ಡು ಕೊಡಬೇಡಿ. ರಿವರ್ಬ್‌ಗೆ ಬೇಕಾದರೆ ಕೊಡಿ, ಆದರೆ ಪುಕ್ಕಟೆ ಸಿಗುವುದನ್ನು ಚೆನ್ನಾಗಿ ಬಳಸಿ ನೋಡಿದ ಮೇಲೆ. ಯಾಕೆ ಹೀಗೆ ಅಂದರೆ, ಎರಡು ಒಳ್ಳೆಯ ಇಕ್ಯೂಗಳ ನಡುವೆ ಕಿವಿಗೆ ಗೊತ್ತಾಗುವ ವ್ಯತ್ಯಾಸ ತುಂಬಾ ಕಡಿಮೆ. ಎರಡು ರಿವರ್ಬ್‌ಗಳ ನಡುವೆ ತುಂಬಾ ಜಾಸ್ತಿ.

ಹೊಸಬರಿಗಾಗಿ ನಾಲ್ಕು ಪದಗಳು. ಹಾಡು ಕಟ್ಟುವ ಸಾಫ್ಟ್‌ವೇರ್‌ಗೆ ಡಿಎಡಬ್ಲ್ಯೂ ಅನ್ನುತ್ತಾರೆ. ಏಬಲ್ಟನ್ ಲೈವ್, ಎಫ್ಎಲ್ ಸ್ಟುಡಿಯೋ, ಲಾಜಿಕ್, ರೀಪರ್ ಎಲ್ಲ ಇದೇ ಜಾತಿ. ಅದರೊಳಗೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್ ಪ್ಲಗಿನ್. ಇಕ್ಯೂ, ಅಂದರೆ ಈಕ್ವಲೈಜರ್, ದನಿಯೊಳಗಿನ ಮಂದ್ರ, ಮಧ್ಯ, ತಾರ ಭಾಗಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಉಪಕರಣ. ರಿವರ್ಬ್ ದನಿಗೆ ಒಂದು ಜಾಗ ಕೊಡುತ್ತದೆ. ಕಲ್ಯಾಣ ಮಂಟಪದಲ್ಲಿ ಚಪ್ಪಾಳೆ ತಟ್ಟಿದರೆ ಹಿಂದೆ ಉಳಿಯುವ ಗುಂಯ್ ಇದೆಯಲ್ಲ, ಅದು.

1. ಮೊದಲು ರೂಮನ್ನು ಪರೀಕ್ಷೆ ಮಾಡಿ

ಪ್ಲಗಿನ್ ಆರಿಸುವ ಲೇಖನದಲ್ಲಿ ರೂಮಿನ ಮಾತು ಯಾಕೆ ಅನ್ನಬಹುದು. ನೀವು ಪ್ಲಗಿನ್ ಹೋಲಿಸುವುದು ಆ ರೂಮಿನಲ್ಲೇ ಅಲ್ವಾ? ರೂಮೇ ಸುಳ್ಳು ಹೇಳುತ್ತಿದ್ದರೆ ಯಾವ ಇಕ್ಯೂ ತಂದರೂ ಅಷ್ಟೇ.

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಹತ್ತಡಿಗೆ ಹತ್ತಡಿ ರೂಮು ತುಂಬಾ ಸಾಮಾನ್ಯ. ಎತ್ತರವೂ ಹೆಚ್ಚುಕಮ್ಮಿ ಹತ್ತಡಿ. ಹತ್ತಡಿ ಅಂದರೆ ಸುಮಾರು 3.05 ಮೀಟರ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ವೇಗವನ್ನು ರೂಮಿನ ಅಳತೆಯ ಎರಡರಷ್ಟರಿಂದ ಭಾಗಿಸಿದರೆ 56, 57 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಹತ್ತಿರ ಬರುತ್ತದೆ. ಎದುರುಬದುರು ಗೋಡೆಗಳ ನಡುವೆ ಆ ಸ್ವರ ಅಡಗದೆ ನಿಂತು ಮೊಳಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದಾಗ ಮೂರೂ ದಿಕ್ಕಿನಲ್ಲಿ ಅದೇ ಸ್ವರ. ಕಿಕ್ ಡ್ರಮ್, ಸಬ್ ಬಾಸ್ (ಅತಿ ಮಂದ್ರದ ಬಾಸ್) ಎರಡೂ ಓಡಾಡುವುದು ಸರಿಯಾಗಿ ಅಲ್ಲೇ.

ಪರೀಕ್ಷೆ ಸುಲಭ. ನಿಮ್ಮ ಡಿಎಡಬ್ಲ್ಯೂನಲ್ಲಿರುವ ಯಾವುದಾದರೂ ಸಿಂಥ್‌ನಲ್ಲಿ (ದನಿ ಹುಟ್ಟಿಸುವ ವಾದ್ಯ) ಸುಮ್ನೆ ಒಂದು ಸೈನ್ ದನಿ (ಒಂದೇ ಸ್ವರದ ಸರಳ ದನಿ) ಇಟ್ಟು, 40 ಹರ್ಟ್ಸ್‌ನಿಂದ 100 ಹರ್ಟ್ಸ್ ತನಕ ನಿಧಾನವಾಗಿ ಏರಿಸಿ. ಸ್ಪೀಕರ್ ದನಿ ಮೆಲ್ಲಗೆ ಇರಲಿ. 56ರ ಆಸುಪಾಸಿನಲ್ಲಿ ಎದ್ದು ರೂಮಿನಲ್ಲಿ ಓಡಾಡಿ. ಮೂಲೆಯಲ್ಲಿ ಗುಡುಗುತ್ತದೆ. ರೂಮಿನ ನಟ್ಟನಡುವೆ ನಿಂತರೆ ಬಹುತೇಕ ಮಾಯ. ನಿಮ್ಮ ಕುರ್ಚಿ ನಡುವೆ ಇದ್ದರೆ ಬಾಸ್ ಸಾಲದು ಅನ್ನಿಸಿ ಇಕ್ಯೂನಲ್ಲಿ ಏರಿಸುತ್ತೀರಿ. ಆ ಹಾಡನ್ನು ಬೇರೆಯವರ ಕಾರಿನಲ್ಲಿ ಹಾಕಿದಾಗ ಬಾಗಿಲು ಅದುರುತ್ತದೆ.

ಕುರ್ಚಿಯನ್ನು ನಡುವಿನಿಂದ ಸ್ವಲ್ಪ ಮುಂದಕ್ಕೆ ಸರಿಸಿ. ಬಾಸ್ ಬಗ್ಗೆ ಏನೇ ತೀರ್ಮಾನ ಮಾಡುವುದಿದ್ದರೂ ಹೆಡ್‌ಫೋನ್‌ನಲ್ಲಿ ಮಾಡಿ. ಕೈಯಲ್ಲಿ ಹತ್ತು ಸಾವಿರ ರೂಪಾಯಿ ಇದ್ದು, ಒಳ್ಳೆಯ ಹೆಡ್‌ಫೋನ್ ಇಲ್ಲ ಅಂದರೆ, ಆ ದುಡ್ಡು ಹೆಡ್‌ಫೋನ್‌ಗೇ ಹೋಗಲಿ. ರಸ್ತೆಯ ಗಲಾಟೆ, ಫ್ಯಾನ್, ಪಕ್ಕದ ಮನೆ ಮಿಕ್ಸಿ ಎಲ್ಲ ಇರುವ ಕಡೆ ಕಿವಿ ಪೂರ್ತಿ ಮುಚ್ಚುವಂಥದ್ದು ಉತ್ತಮ.

2. ಕಂಪ್ಯೂಟರ್‌ಗೆ ಹೊಂದುತ್ತಾ ನೋಡಿ

ಇದು ಚಿಕ್ಕ ಹಂತ, ಆದರೆ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಪ್ಲಗಿನ್‌ಗಳು ಬೇರೆ ಬೇರೆ ಫಾರ್ಮ್ಯಾಟ್‌ನಲ್ಲಿ ಬರುತ್ತವೆ. ವಿಂಡೋಸ್‌ನಲ್ಲಿ ವಿಎಸ್‌ಟಿ3 ಇದ್ದರೆ ಸಾಕು. ಲಾಜಿಕ್ ಬಳಸುವವರಿಗೆ ಎಯು ಬೇಕೇ ಬೇಕು, ಅದು ವಿಎಸ್‌ಟಿ ತೆರೆಯುವುದಿಲ್ಲ. ಪ್ರೊ ಟೂಲ್ಸ್‌ಗೆ ಎಎಎಕ್ಸ್. ಎಂ1 ಅಥವಾ ಅದಕ್ಕಿಂತ ಹೊಸ ಮ್ಯಾಕ್ ಇದ್ದರೆ "ಆಪಲ್ ಸಿಲಿಕಾನ್ ನೇಟಿವ್" ಅಂತ ಬರೆದಿದೆಯಾ ನೋಡಿಕೊಳ್ಳಿ. ಹಳೆಯ 32 ಬಿಟ್ ಪ್ಲಗಿನ್‌ಗಳು ಇವತ್ತಿನ 64 ಬಿಟ್ ಡಿಎಡಬ್ಲ್ಯೂಗಳಲ್ಲಿ ನೇರವಾಗಿ ಓಡುವುದು ಕಷ್ಟ. ಪುಕ್ಕಟೆ ಸಿಗುತ್ತದೆ ಅಂತ ಹತ್ತು ವರ್ಷದ ಹಿಂದಿನದನ್ನು ಇಳಿಸಿಕೊಳ್ಳುವ ಮುಂಚೆ ಇದನ್ನು ನೋಡಿ.

ಕ್ರ್ಯಾಕ್ ಮಾಡಿದ ಪ್ಲಗಿನ್ ಬೇಡ. ಅದರ ಜತೆ ಏನು ಬರುತ್ತದೆ ಅಂತ ಗೊತ್ತಾಗಲ್ಲ. ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ಇರುವುದೂ ಅದೇ ಲ್ಯಾಪ್‌ಟಾಪ್‌ನಲ್ಲಿ. ಪುಕ್ಕಟೆಯಾಗಿಯೇ ಇಷ್ಟು ಒಳ್ಳೆಯವು ಸಿಗುವಾಗ ಆ ದಾರಿ ಹಿಡಿಯಲು ಕಾರಣವೇ ಇಲ್ಲ.

3. ಈಗಾಗಲೇ ಇರುವ ಇಕ್ಯೂ ತೆರೆಯಿರಿ

ಏಬಲ್ಟನ್ ಲೈವ್‌ನಲ್ಲಿ ಇಕ್ಯೂ ಎಯ್ಟ್, ಎಫ್ಎಲ್ ಸ್ಟುಡಿಯೋದಲ್ಲಿ ಫ್ರೂಟಿ ಪ್ಯಾರಾಮೆಟ್ರಿಕ್ ಇಕ್ಯೂ 2, ಲಾಜಿಕ್‌ನಲ್ಲಿ ಚಾನೆಲ್ ಇಕ್ಯೂ, ರೀಪರ್‌ನಲ್ಲಿ ರೀಇಕ್ಯೂ. ಇವೆಲ್ಲ ಪ್ಯಾರಾಮೆಟ್ರಿಕ್ ಇಕ್ಯೂಗಳು. ಅಂದರೆ ಯಾವ ಜಾಗದಲ್ಲಿ, ಎಷ್ಟು, ಎಷ್ಟು ಅಗಲಕ್ಕೆ ಅನ್ನುವ ಮೂರನ್ನೂ ನೀವೇ ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಅಗಲದ ಗುಂಡಿಗೆ ಹೆಚ್ಚಾಗಿ ಕ್ಯೂ ಅನ್ನುತ್ತಾರೆ. ಕ್ಯೂ ಜಾಸ್ತಿ ಆದಷ್ಟೂ ಪಟ್ಟಿ, ಅಂದರೆ ಇಕ್ಯೂ ಮುಟ್ಟುವ ಭಾಗ, ಕಿರಿದಾಗುತ್ತದೆ.

"ದುಡ್ಡು ಕೊಟ್ಟ ಇಕ್ಯೂ ಕ್ಲೀನಾಗಿ ಕೇಳುತ್ತದಂತೆ" ಅಂತ ಯಾರಾದರೂ ಹೇಳಿದರೆ ನಂಬುವ ಮುಂಚೆ ಈ ಪರೀಕ್ಷೆ ಮಾಡಿ. ಇದಕ್ಕೆ ನಲ್ ಟೆಸ್ಟ್ ಅಂತ ಹೆಸರು.

ಒಂದೇ ಆಡಿಯೋ ತುಣುಕನ್ನು ಎರಡು ಟ್ರ್ಯಾಕ್‌ನಲ್ಲಿ ಇಡಿ. ಮೊದಲನೆಯದಕ್ಕೆ ನಿಮ್ಮ ಡಿಎಡಬ್ಲ್ಯೂ ಇಕ್ಯೂ, ಎರಡನೆಯದಕ್ಕೆ ದುಬಾರಿ ಇಕ್ಯೂನ ಟ್ರಯಲ್. ಎರಡರಲ್ಲೂ 1,000 ಹರ್ಟ್ಸ್‌ನಲ್ಲಿ 4 ಡೆಸಿಬಲ್ ಏರಿಸಿ. ಈಗ ಎರಡನೆಯ ಟ್ರ್ಯಾಕ್‌ನ ಪೊಲಾರಿಟಿ ತಿರುಗಿಸಿ, ಅಂದರೆ ದನಿಯ ಅಲೆಯನ್ನು ತಲೆಕೆಳಗು ಮಾಡಿ. ಏಬಲ್ಟನ್‌ನಲ್ಲಿ ಯುಟಿಲಿಟಿ ಅನ್ನುವ ಪ್ಲಗಿನ್‌ನಲ್ಲಿ ಈ ಗುಂಡಿ ಇದೆ, ರೀಪರ್‌ನಲ್ಲಿ ಟ್ರ್ಯಾಕ್ ಮೇಲೇ ಇದೆ. ಎರಡನ್ನೂ ಒಟ್ಟಿಗೆ ನುಡಿಸಿ. ಎರಡೂ ಒಂದೇ ಕೆಲಸ ಮಾಡಿದ್ದರೆ ಒಂದನ್ನೊಂದು ಕಳೆದುಕೊಂಡು ಏನೂ ಕೇಳಿಸಬಾರದು. ಮೊದಲಿಗೆ ಸ್ವಲ್ಪ ಉಳಿಯುತ್ತದೆ. ಯಾಕೆಂದರೆ ಒಬ್ಬೊಬ್ಬ ತಯಾರಕರು ಕ್ಯೂ ಸಂಖ್ಯೆಯನ್ನು ಒಂದೊಂದು ಥರ ಲೆಕ್ಕ ಹಾಕುತ್ತಾರೆ. ಒಂದರ ಕ್ಯೂವನ್ನು ಮೆಲ್ಲಗೆ ತಿರುಗಿಸುತ್ತಾ ಹೋಗಿ. ಒಂದು ಜಾಗಕ್ಕೆ ಬಂದಾಗ ಉಳಿದ ಸದ್ದು ಕರಗಿ, ಮೀಟರ್‌ನಲ್ಲಿ ಮಾತ್ರ ಕಾಣುವಷ್ಟಾಗುತ್ತದೆ.

ಮೇಲಿನ ತುದಿಯಲ್ಲಿ, 10,000 ಹರ್ಟ್ಸ್ ದಾಟಿದ ಮೇಲೆ, ಸ್ವಲ್ಪ ವ್ಯತ್ಯಾಸ ಸಿಗಬಹುದು. ಕೆಲವು ಡಿಜಿಟಲ್ ಇಕ್ಯೂಗಳಲ್ಲಿ ಅಲ್ಲಿ ಪಟ್ಟಿಯ ಆಕಾರ ಒತ್ತಿಕೊಳ್ಳುತ್ತದೆ. ಓವರ್‌ಸ್ಯಾಂಪ್ಲಿಂಗ್, ಅಂದರೆ ಒಳಗೆ ಹೆಚ್ಚಿನ ಸ್ಯಾಂಪಲ್ ದರದಲ್ಲಿ ಲೆಕ್ಕ ಮಾಡುವ ಆಯ್ಕೆ, ಇದ್ದರೆ ಆನ್ ಮಾಡಿದಾಗ ಸರಿಹೋಗುತ್ತದೆ. ಹಳೇ ಅನಲಾಗ್ ಉಪಕರಣದ ನಕಲು ಮಾಡುವ ಇಕ್ಯೂಗಳ ಕಥೆ ಬೇರೆ. ಅವು ಬೇಕಂತಲೇ ದನಿಗೆ ಸ್ವಲ್ಪ ಒರಟು ಸೇರಿಸುತ್ತವೆ, ಹಾಗಾಗಿ ಪೂರ್ತಿ ಕಳೆಯುವುದಿಲ್ಲ.

ಹಾಗಾದರೆ ದುಬಾರಿ ಇಕ್ಯೂಗೆ ಜನ ಯಾಕೆ ದುಡ್ಡು ಕೊಡುತ್ತಾರೆ? ಕೆಲಸ ಬೇಗ ಆಗುತ್ತದೆ ಅಂತ. ಫ್ಯಾಬ್‌ಫಿಲ್ಟರ್ ಕಂಪನಿಯ ಪ್ರೊ-ಕ್ಯೂ ಅನ್ನುವ ಇಕ್ಯೂನ ತೆರೆ ನಿಜಕ್ಕೂ ಚೆಂದ, ಕಣ್ಣಿಗೆ ಕಾಣುವಲ್ಲೇ ಹಿಡಿದು ಎಳೆಯಬಹುದು. ದಿನಕ್ಕೆ ಎಂಟು ಗಂಟೆ ಮಿಕ್ಸ್ ಮಾಡಿ ಸಂಪಾದಿಸುವವರಿಗೆ ಅದು ಬೆಲೆಬಾಳುತ್ತದೆ. ಸಂಜೆ ಎರಡು ಗಂಟೆ ಕೂರುವವರಿಗೆ ಆತುರವಿಲ್ಲ.

*ಇಲ್ಲಿ ಎಡವುವುದು:* ಇಕ್ಯೂನಲ್ಲಿ ಏನಾದರೂ ಏರಿಸಿದರೆ ಒಟ್ಟು ದನಿಯೂ ಜೋರಾಗುತ್ತದೆ. ಜೋರಾಗಿದ್ದು ಕಿವಿಗೆ ಯಾವಾಗಲೂ ಚೆನ್ನಾಗಿ ಕೇಳುತ್ತದೆ. ಹಾಗಾಗಿ ಔಟ್‌ಪುಟ್ ಗುಂಡಿಯಿಂದ ಮಟ್ಟ ಸಮ ಮಾಡಿಕೊಂಡೇ ಹೋಲಿಸಿ. ಇನ್ನೊಂದು, ಕಿರಿದಾದ ಪಟ್ಟಿಯನ್ನು 10 ಡೆಸಿಬಲ್ ಏರಿಸಿ ಅತ್ತಿತ್ತ ಓಡಿಸುತ್ತಾ ಕೆಟ್ಟ ದನಿ ಹುಡುಕುವ ಅಭ್ಯಾಸ. ಹಾಗೆ ಏರಿಸಿದರೆ ಎಲ್ಲ ಜಾಗವೂ ಕೆಟ್ಟದಾಗಿಯೇ ಕೇಳುತ್ತದೆ! ಮೃದಂಗದ ಸ್ಯಾಂಪಲ್ (ರೆಕಾರ್ಡ್ ಮಾಡಿದ ತುಣುಕು) ಮೇಲೆ ಹೀಗೆ ಮಾಡಿ, "ಇಲ್ಲಿ ಗುಂಯ್ ಅನ್ನುತ್ತಿದೆ" ಅಂತ ಕತ್ತರಿಸಿದರೆ ಹೋಗುವುದು ಅದರ ಶ್ರುತಿಯೇ. ಆಮೇಲೆ ಉಳಿಯುವುದು ಬರೀ ಟಪಟಪ.

4. ಬೇರೆ ಇಕ್ಯೂ ಬೇಕಾಗುವ ಸಂದರ್ಭಗಳು

ಡಿಎಡಬ್ಲ್ಯೂ ಇಕ್ಯೂ ಎಲ್ಲವನ್ನೂ ಮಾಡುವುದಿಲ್ಲ. ಬಹಳಷ್ಟರಲ್ಲಿ ಮುಖ್ಯವಾದ ಕೊರತೆ ಡೈನಮಿಕ್ ಇಕ್ಯೂ. ಮಾಮೂಲಿ ಇಕ್ಯೂ ಹಾಡಿನುದ್ದಕ್ಕೂ ಕತ್ತರಿಸುತ್ತದೆ. ಡೈನಮಿಕ್ ಇಕ್ಯೂ ಆ ಜಾಗದ ದನಿ ಮಿತಿ ಮೀರಿದಾಗ ಮಾತ್ರ ಇಳಿಸುತ್ತದೆ. ಗಾಯನದಲ್ಲಿ ಸ, ಶ ಬಂದಾಗ ಸುಯ್ ಅಂತ ಚುಚ್ಚುತ್ತದಲ್ಲ, ಅದು ಬಹಳ ಮಟ್ಟಿಗೆ 5,000ದಿಂದ 9,000 ಹರ್ಟ್ಸ್ ನಡುವೆ. ಅದನ್ನು ಖಾಯಂ ಕತ್ತರಿಸಿದರೆ ಇಡೀ ಹಾಡು ಮಂಕಾಗುತ್ತದೆ. ಟಿಡಿಆರ್ ನೋವಾ ಈ ಕೆಲಸಕ್ಕೆ ಪುಕ್ಕಟೆ ಸಿಗುವ ಪ್ಲಗಿನ್. ನಾನು ಯಾರಿಗಾದರೂ ಒಂದೇ ಒಂದು ಇಕ್ಯೂ ಹಾಕಿಕೊಳ್ಳಿ ಅನ್ನುವುದಾದರೆ ಇದನ್ನೇ ಹೇಳುತ್ತೇನೆ.

ಲೀನಿಯರ್ ಫೇಸ್ ಅನ್ನುವ ಇನ್ನೊಂದು ಬಗೆ ಇದೆ. ಮಾಸ್ಟರಿಂಗ್‌ನಲ್ಲಿ, ಅಂದರೆ ಮುಗಿದ ಹಾಡನ್ನು ಕೊನೆಗೆ ತಿದ್ದುವಾಗ, ಕೆಲವೊಮ್ಮೆ ಬೇಕು. ಕಿಕ್ ಮೇಲೆ ಹಾಕಬೇಡಿ, ಏಟಿಗೆ ಮುಂಚೆಯೇ ಒಂದು ಮಸುಕಾದ ಸದ್ದು ಸೇರಿಕೊಳ್ಳುತ್ತದೆ. ದನಿ ತಡವಾಗಿ ಬರುವುದರಿಂದ ರೆಕಾರ್ಡಿಂಗ್ ಹೊತ್ತಿಗೂ ತೊಂದರೆ.

ಬಜ್, ಅಂದರೆ ಕರೆಂಟಿನಿಂದ ರೆಕಾರ್ಡಿಂಗ್‌ಗೆ ಸೇರಿಕೊಳ್ಳುವ ಝುಂಯ್ ಸದ್ದು, ತೆಗೆಯಲು ಇಕ್ಯೂ ಹುಡುಕುವವರಿಗೆ ಒಂದು ಮಾತು. ಅಮೆರಿಕದ ವಿಡಿಯೋಗಳಲ್ಲಿ 60 ಹರ್ಟ್ಸ್ ಕತ್ತರಿಸಿ ಅನ್ನುತ್ತಾರೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಹಾಗಾಗಿ ಬಜ್ ಇರುವುದು 50, 100, 150 ಹೀಗೆ. ಕಿರಿದಾದ ಪಟ್ಟಿ ಅಲ್ಲಿ ಇಡಿ. ಅದಕ್ಕೂ ಮುಂಚೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ ನೋಡಿ. ಬಜ್ ನಿಂತರೆ ಸಮಸ್ಯೆ ಅರ್ಥಿಂಗ್‌ನದ್ದು ಇರಬಹುದು. ಎಲೆಕ್ಟ್ರಿಷಿಯನ್ ಕರೆಸಿ ಪ್ಲಗ್ ಪಾಯಿಂಟ್ ತೋರಿಸಿ.

5. ರಿವರ್ಬ್: ಯಾವ ಜಾತಿ ಬೇಕು?

ಇಲ್ಲಿ ಸಮಯ ಕೊಡಿ. ರಿವರ್ಬ್‌ಗಳನ್ನು ನಲ್ ಟೆಸ್ಟ್ ಮಾಡಿದರೆ ಒಂದರಲ್ಲಿ ಇನ್ನೊಂದು ಕಳೆಯುವುದೇ ಇಲ್ಲ. ಪ್ರತಿಯೊಂದನ್ನೂ ಬರೆದವರ ಕಿವಿ ಬೇರೆ, ಅಭಿರುಚಿ ಬೇರೆ.

ದೊಡ್ಡದಾಗಿ ಎರಡು ಜಾತಿ. ಮೊದಲನೆಯದು ಅಲ್ಗಾರಿದಮಿಕ್. ಲೆಕ್ಕಾಚಾರದಿಂದಲೇ ಪ್ರತಿಧ್ವನಿಗಳ ಗುಂಪನ್ನು ಹುಟ್ಟಿಸುತ್ತದೆ. 1960ರ ದಶಕದ ಶುರುವಿನಲ್ಲಿ ಬೆಲ್ ಲ್ಯಾಬ್ಸ್‌ನ ಮ್ಯಾನ್‌ಫ್ರೆಡ್ ಶ್ರೋಡರ್ ಈ ದಾರಿ ತೋರಿಸಿದರು. ಎರಡನೆಯದು ಕನ್ವಲ್ಯೂಷನ್. ನಿಜವಾದ ಜಾಗದ ಗುಂಯ್ ಅನ್ನು ರೆಕಾರ್ಡ್ ಮಾಡಿ, ಅದನ್ನು ನಿಮ್ಮ ದನಿಗೆ ಅಂಟಿಸುತ್ತದೆ. ಆ ರೆಕಾರ್ಡಿಂಗ್‌ಗೆ ಇಂಪಲ್ಸ್ ರೆಸ್ಪಾನ್ಸ್ ಅಂತಾರೆ. ನಿಜವಾದ ಜಾಗ ಬೇಕಾದರೆ ಕನ್ವಲ್ಯೂಷನ್. ಎಲೆಕ್ಟ್ರಾನಿಕ್ ಸಂಗೀತಕ್ಕೆ ಮಾತ್ರ ಬಹುಪಾಲು ಅಲ್ಗಾರಿದಮಿಕ್ಕೇ ಒಗ್ಗುತ್ತದೆ. ಹಾಡು ಓಡುತ್ತಿರುವಾಗಲೇ ಅದರ ಗುಂಡಿಗಳನ್ನು ತಿರುಗಿಸಬಹುದು.

ಪ್ಲಗಿನ್ ಒಳಗೆ ಪ್ಲೇಟ್, ಹಾಲ್, ರೂಮ್ ಅಂತ ಹೆಸರು ಕಾಣುತ್ತವೆ. ಪ್ಲೇಟ್ ಅಂದರೆ ಉಕ್ಕಿನ ದೊಡ್ಡ ತಗಡನ್ನು ಅದುರಿಸಿ ಪಡೆಯುತ್ತಿದ್ದ ದನಿಯ ನಕಲು. ಜರ್ಮನಿಯ ಇಎಂಟಿ ಕಂಪನಿ 1957ರಲ್ಲಿ ತಂದ ಇಎಂಟಿ 140 ಅದರ ಮೂಲ. ಕ್ಲ್ಯಾಪ್, ಸ್ನೇರ್, ಗಾಯನಕ್ಕೆ ಪ್ಲೇಟ್ ಚೆನ್ನ. ಪ್ಯಾಡ್‌ಗಳಿಗೆ (ಉದ್ದಕ್ಕೆ ಎಳೆಯುವ ಸಿಂಥ್ ಸ್ವರಗಳು) ಹಾಲ್. ತಮಟೆ, ಖಂಜಿರದಂಥ ಒಣ ಸ್ಯಾಂಪಲ್‌ಗಳಿಗೆ ಚಿಕ್ಕ ರೂಮ್ ಸಾಕು, ಉದ್ದ ಬಾಲ (ಹಿಂದೆ ಉಳಿಯುವ ಗುಂಯ್) ಕೊಟ್ಟರೆ ಏಟಿನ ಚುರುಕೇ ಹೋಗುತ್ತದೆ.

ಶುರು ಮಾಡಲು ಪುಕ್ಕಟೆ ಆಯ್ಕೆಗಳು: ಸಹಜ ಜಾಗಕ್ಕೆ ಡ್ರ್ಯಾಗನ್‌ಫ್ಲೈ ರಿವರ್ಬ್, ಓರಿಲ್‌ರಿವರ್. ಮುಗಿಲು ಮುಟ್ಟುವಂಥ ದೊಡ್ಡ ಆ್ಯಂಬಿಯೆಂಟ್ ದನಿಗೆ ವಾಲ್‌ಹಲ್ಲಾ ಸೂಪರ್‌ಮ್ಯಾಸಿವ್. ಕೊಳ್ಳುವುದಾದರೆ ಅದೇ ಕಂಪನಿಯ ವಿಂಟೇಜ್‌ವರ್ಬ್ ಅಥವಾ ರೂಮ್, ತಲಾ 50 ಡಾಲರ್. ಈ ಬೆಲೆಯಲ್ಲಿ ವಿಂಟೇಜ್‌ವರ್ಬ್‌ಗಿಂತ ಹೆಚ್ಚು ಕೆಲಸಕ್ಕೆ ಬರುವುದು ನನಗೆ ಸಿಕ್ಕಿಲ್ಲ. ಲಾಜಿಕ್ ಇದ್ದವರು ಕೊಳ್ಳುವ ಮುಂಚೆ ಕ್ರೋಮಾವರ್ಬ್, ಸ್ಪೇಸ್ ಡಿಸೈನರ್ ಎರಡನ್ನೂ ಅರೆದು ಕುಡಿಯಿರಿ. ಏಬಲ್ಟನ್ ಸೂಟ್ ಇದ್ದವರಿಗೆ ಹೈಬ್ರಿಡ್ ರಿವರ್ಬ್ ಇದೆ.

6. ಟ್ರಯಲ್ ಹಾಕಿ, ಈ ಕ್ರಮದಲ್ಲಿ ಕೇಳಿ

ಪ್ರಿಸೆಟ್ (ತಯಾರಕರು ಮೊದಲೇ ಹೊಂದಿಸಿಟ್ಟದ್ದು) ಒತ್ತುತ್ತಾ ಹೋಗಿ ಆರಿಸಬೇಡಿ. ಒಂಟಿಯಾಗಿ ಕೇಳಿದರೆ ಪ್ರತಿ ಪ್ರಿಸೆಟ್ಟೂ ಅದ್ಭುತವೇ. ನಿಮ್ಮದೇ ಅರ್ಧ ಮುಗಿದ ಹಾಡು ತೆರೆಯಿರಿ.

ರಿಟರ್ನ್ ಟ್ರ್ಯಾಕ್ ಒಂದನ್ನು ಮಾಡಿ ಅದರಲ್ಲಿ ರಿವರ್ಬ್ ಇಡಿ. ವೆಟ್ ಅನ್ನುವ ಗುಂಡಿ 100 ಇರಲಿ, ಅಂದರೆ ಬರೀ ರಿವರ್ಬ್ ದನಿ. ಬೇರೆ ಟ್ರ್ಯಾಕ್‌ಗಳಿಂದ ಬೇಕಾದಷ್ಟು ದನಿ ಅಲ್ಲಿಗೆ ಕಳಿಸಿ. ಪ್ರತಿ ಟ್ರ್ಯಾಕ್‌ಗೂ ಒಂದೊಂದು ರಿವರ್ಬ್ ಹಾಕಿದರೆ ಲ್ಯಾಪ್‌ಟಾಪ್ ಸುಸ್ತಾಗುತ್ತದೆ, ಹಾಡೂ ಕಲಸಿಹೋಗುತ್ತದೆ.

ಈಗ ಡಿಕೇ ಸಮಯ. ದನಿ 60 ಡೆಸಿಬಲ್ ಇಳಿಯಲು ಬೇಕಾಗುವ ಹೊತ್ತು ಅದು. ಹಾಡಿನ ವೇಗಕ್ಕೆ ಹೊಂದಿಸಿ. 60,000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್) ಭಾಗಿಸಿದರೆ ಒಂದು ಬೀಟ್ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತದೆ. 120ಕ್ಕೆ 500, 128ಕ್ಕೆ ಸುಮಾರು 469, 174ಕ್ಕೆ ಸುಮಾರು 345. 128ರ ಹೌಸ್ ಹಾಡಿನಲ್ಲಿ ಎರಡು ಬೀಟ್‌ಗೊಮ್ಮೆ ಕ್ಲ್ಯಾಪ್ ಬಂದರೆ, ಬಾಲ 900 ಮಿಲಿಸೆಕೆಂಡ್ ಒಳಗೆ ಮುಗಿಯುವಂತೆ ನೋಡಿಕೊಳ್ಳಿ. ಆಗ ಮುಂದಿನ ಕ್ಲ್ಯಾಪ್ ಖಾಲಿ ಜಾಗಕ್ಕೆ ಬೀಳುತ್ತದೆ. ಇದು ಕಟ್ಟುಪಾಡಲ್ಲ, ಶುರು ಮಾಡುವ ಜಾಗ.

ಪ್ರಿ-ಡಿಲೇ, ಅಂದರೆ ಮೂಲ ದನಿಗೂ ರಿವರ್ಬ್ ಶುರುವಾಗುವುದಕ್ಕೂ ನಡುವಿನ ಬಿಡುವು. ಗಾಯನಕ್ಕೆ 20ರಿಂದ 40 ಮಿಲಿಸೆಕೆಂಡ್ ಕೊಟ್ಟು ನೋಡಿ. ಮಾತು ಮುಂದೆ ನಿಲ್ಲುತ್ತದೆ, ಗುಂಯ್ ಹಿಂದೆ ಹೋಗುತ್ತದೆ.

ಆಮೇಲೆ ಮಾಡ್ಯುಲೇಷನ್ ಗುಂಡಿ ಹುಡುಕಿ. ಇದು ರಿವರ್ಬ್ ಬಾಲವನ್ನು ಸಣ್ಣದಾಗಿ ಅಲುಗಾಡಿಸುತ್ತದೆ. ಸಿಂಥ್ ಪ್ಯಾಡ್‌ಗೆ ಸೊಗಸು. ತಂಬೂರಿ, ವೀಣೆಯ ಸ್ಯಾಂಪಲ್ ಮೇಲೆ ಮಾತ್ರ ಶ್ರುತಿ ಅಲುಗಿದಂತೆ ಕೇಳುತ್ತದೆ. ನಮ್ಮ ವಾದ್ಯಗಳನ್ನು ಬಳಸುವವರು ಈ ಗುಂಡಿಯನ್ನು ಸೊನ್ನೆಗೆ ಇಳಿಸಲು ಬಿಡುವ ರಿವರ್ಬನ್ನೇ ಆರಿಸಿ. ಅದು ಆಗದಿದ್ದರೆ ಎಷ್ಟೇ ಹೆಸರಾಗಿರಲಿ, ಬಿಡಿ.

ಕೊನೆಗೆ ರಿಟರ್ನ್ ಟ್ರ್ಯಾಕ್‌ನಲ್ಲಿ ರಿವರ್ಬ್‌ಗೆ ಮುಂಚೆ ಒಂದು ಇಕ್ಯೂ ಇಟ್ಟು, 300 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದುಹಾಕಿ. ಕಿಕ್, ಸಬ್ ಬಾಸ್ ಅಂತೂ ರಿವರ್ಬ್‌ಗೆ ಹೋಗುವುದೇ ಬೇಡ. "ನನ್ನ ಮಿಕ್ಸ್ ಕೆಸರು ಕೆಸರಾಗಿದೆ" ಅಂತ ಬರೆಯುವವರಲ್ಲಿ ಬಹಳ ಮಂದಿಗೆ ಹೊಸ ಪ್ಲಗಿನ್ ಬೇಕಿರುವುದಿಲ್ಲ, ಈ ಒಂದು ಇಕ್ಯೂ ಸಾಕು.

7. ನಿಮ್ಮದೇ ಜಾಗ ರೆಕಾರ್ಡ್ ಮಾಡಿ

ಇದು ಬೇಕಾದರೆ ಮಾಡುವ ಹಂತ, ಆದರೆ ನನಗೆ ತುಂಬಾ ಇಷ್ಟ. ಬಲೂನೊಂದನ್ನು ಊದಿಕೊಂಡು ಅಪಾರ್ಟ್‌ಮೆಂಟ್ ನೆಲಮಾಳಿಗೆಯ ಪಾರ್ಕಿಂಗ್‌ಗೋ ಮೆಟ್ಟಿಲ ಹತ್ತಿರಕ್ಕೋ ಹೋಗಿ. ವಾಚ್‌ಮನ್‌ಗೆ ಮೊದಲೇ ಹೇಳಿ, ಇಲ್ಲದಿದ್ದರೆ ಗಾಬರಿಯಾಗುತ್ತಾರೆ. ಮಧ್ಯಾಹ್ನ ಗಾಡಿ ಓಡಾಟ ಕಡಿಮೆ ಇರುವಾಗ ಒಳ್ಳೇದು. ರೆಕಾರ್ಡರ್ ಅಥವಾ ಫೋನನ್ನು ನಾಲ್ಕೈದು ಮೀಟರ್ ದೂರ ಇಡಿ. ದನಿಯ ಮಟ್ಟ ತಾನಾಗೇ ಹೊಂದಿಸುವ ಆಯ್ಕೆ ಇದ್ದರೆ ಆಫ್ ಮಾಡಿ. ಬಲೂನ್ ಒಡೆದು, ಸದ್ದು ಪೂರ್ತಿ ಅಡಗುವ ತನಕ ಅಲ್ಲಾಡಬೇಡಿ. ಒಡೆದ ಕ್ಷಣದಿಂದ ಮೌನದ ತನಕ ಕತ್ತರಿಸಿ, ವೇವ್ ಫೈಲ್ ಮಾಡಿ, ರೀಪರ್‌ನ ರೀವರ್ಬ್, ಎಫ್ಎಲ್‌ನ ಫ್ರೂಟಿ ಕನ್ವಾಲ್ವರ್ ಅಥವಾ ಲಾಜಿಕ್‌ನ ಸ್ಪೇಸ್ ಡಿಸೈನರ್‌ಗೆ ಹಾಕಿ. ನಿಮ್ಮ ತಮಟೆ ಈಗ ನಿಮ್ಮದೇ ಪಾರ್ಕಿಂಗ್‌ನಲ್ಲಿ ಬಾರಿಸುತ್ತದೆ. ಬೇರೆ ಯಾರ ಹಾಡಿನಲ್ಲೂ ಈ ರಿವರ್ಬ್ ಇರುವುದಿಲ್ಲ.

8. ಕೊಳ್ಳುವಾಗ

ಹೆಚ್ಚಿನವು ಡಾಲರ್ ಬೆಲೆ. ಕಾರ್ಡ್‌ನಲ್ಲಿ ವಿದೇಶಿ ವಹಿವಾಟು ಆನ್ ಇದೆಯಾ ಅಂತ ಬ್ಯಾಂಕ್ ಆ್ಯಪ್‌ನಲ್ಲಿ ನೋಡಿ, ಕೆಲಸ ಆದಮೇಲೆ ಆಫ್ ಮಾಡಿ. ಬ್ಯಾಂಕು ವಿದೇಶಿ ವಿನಿಮಯಕ್ಕೆ ಅಂತ ಒಂದಷ್ಟು ಸೇರಿಸುತ್ತದೆ, ಕೆಲವು ಅಂಗಡಿಗಳು ಬಿಲ್ ಮೇಲೆ ಶೇ. 18 ಜಿಎಸ್‌ಟಿ ಹಾಕುತ್ತವೆ. ಹಾಗಾಗಿ 50 ಡಾಲರ್ ಅಂದರೆ ಬರೀ 50 ಡಾಲರ್ ಅಲ್ಲ.

ತಿಂಗಳ ಚಂದಾ ಯೋಜನೆಗಿಂತ ಒಂದೇ ಸಲ ಕೊಂಡು ಇಟ್ಟುಕೊಳ್ಳುವುದು ಮನೆ ಸ್ಟುಡಿಯೋಗೆ ಸೂಕ್ತ. ಚಂದಾ ನಿಲ್ಲಿಸಿದ ದಿನ ಹಳೇ ಹಾಡುಗಳೂ ಬಾಯಿ ಮುಚ್ಚುತ್ತವೆ. ಲೈಸೆನ್ಸ್ ಎಷ್ಟು ಕಂಪ್ಯೂಟರ್‌ಗೆ, ಐಲಾಕ್ ಬೇಕಾ ಅನ್ನುವುದನ್ನು ಓದಿ. ಐಲಾಕ್ ಅಂದರೆ ಲೈಸೆನ್ಸ್ ಕಾಯುವ ವ್ಯವಸ್ಥೆ. ಅದರ ಕ್ಲೌಡ್ ಬಗೆಗೆ ಇಂಟರ್‌ನೆಟ್ ಸದಾ ಇರಬೇಕು. ಕರೆಂಟ್ ಹೋದಾಗ ವೈಫೈ ಕೂಡ ಹೋಗುವ ಮನೆಯಾದರೆ ಯೋಚಿಸಿ. ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ಹೊತ್ತಿಗೆ ಬಹಳಷ್ಟು ಕಂಪನಿಗಳು ಬೆಲೆ ಇಳಿಸುತ್ತವೆ, ಅಲ್ಲಿ ತನಕ ಟ್ರಯಲ್ ಮತ್ತು ಪುಕ್ಕಟೆಯವುಗಳಲ್ಲಿ ಕಾಯಬಹುದು. ಐವತ್ತು ಪ್ಲಗಿನ್‌ಗಳ ಬಂಡಲ್ ನೋಡಿ ಆಸೆಪಡಬೇಡಿ, ಬಳಸುವುದು ಎರಡೋ ಮೂರೋ.

9. ಟ್ರಯಲ್ ಮುಗಿಯುವ ಮುಂಚೆ

ಟ್ರಯಲ್ ಪ್ಲಗಿನ್ ಹಾಕಿದ ಹಾಡನ್ನು ಹಾಗೇ ಬಿಡಬೇಡಿ. ಅವಧಿ ಮುಗಿದ ಮೇಲೆ ಪ್ರಾಜೆಕ್ಟ್ ತೆರೆದರೆ ರಿವರ್ಬ್ ಇರುವುದಿಲ್ಲ. ರಿಟರ್ನ್ ಟ್ರ್ಯಾಕನ್ನು ಸೋಲೋ ಮಾಡಿ (ಅದೊಂದೇ ಕೇಳುವಂತೆ) ಆಡಿಯೋ ಆಗಿ ಎಕ್ಸ್‌ಪೋರ್ಟ್ ಮಾಡಿ, ಅದನ್ನು ಹೊಸ ಟ್ರ್ಯಾಕ್‌ನಲ್ಲಿ ಇಟ್ಟು ಪ್ಲಗಿನ್ ಆಫ್ ಮಾಡಿ. ಎಕ್ಸ್‌ಪೋರ್ಟ್ ಮಾಡುವಾಗ ಕೊನೆಯ ಬಾಲ ಕತ್ತರಿಸಿ ಹೋಗದಂತೆ ಹಾಡು ಮುಗಿದ ಮೇಲೂ ಹತ್ತು ಸೆಕೆಂಡ್ ಜಾಗ ಬಿಡಿ. ಮಾಮೂಲಿ ಇಕ್ಯೂ ಆದರೆ ಇದರ ಅಗತ್ಯವಿಲ್ಲ, ಪಟ್ಟಿಗಳ ಸಂಖ್ಯೆ ಮತ್ತು ಆಕಾರದ ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ನಿಮ್ಮ ಡಿಎಡಬ್ಲ್ಯೂ ಇಕ್ಯೂನಲ್ಲೇ ಅದನ್ನು ಮತ್ತೆ ಹಾಕಿಕೊಳ್ಳಬಹುದು.